ಮೂವತ್ಮೂರು ಡಿಗ್ರಿಯ ಮೊಟ್ಟೆಗಳು

ಬೆಂಗಳೂರಿನ ದೊಡ್ಡ ಪ್ರಯೋಗಾಲಯದ ಬೇಸಿಗೆ ತರಬೇತಿಗೆ ಒಬ್ಬರನ್ನಷ್ಟೇ ಕಳಿಸುವುದೆಂದು ನಮ್ಮ ಕಾಲೇಜಿನ ಮೇಡಂ ಫೆಬ್ರವರಿ ಎರಡನೇ ತಾರೀಖು ಹೇಳಿದರು. ಸಂಡೂರಿನ ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಜನ ಆಗಲೇ ಗಣಿ ಕಚೇರಿಗಳ ಕೆಲಸಕ್ಕೆ ಸೇರಿದ್ದರು. ಮೀನಿನ ಮೇಲೆ ಕೆಲಸ ಮಾಡುತ್ತಿದ್ದವರು ಇಬ್ಬರೇ: ನಾನು, ಮತ್ತು ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು. ನನ್ನ ಪ್ರಯೋಗದ ನೋಟ್‌ಬುಕ್ಕಿನ ಆ ದಿನದ ಪುಟದಲ್ಲಿ ನಾನು ಬರೆದದ್ದು ಒಂದೇ ಸಾಲು: ನಾನೇ ಹೋಗಬೇಕು.

ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ದಾಟಿಹೋಗಲು ಸಣ್ಣ ಬಾಗಿಲುಗಳಿರುತ್ತವೆ. ನರ ಮಿಡಿಯಲು, ಸ್ನಾಯು ಸಡಿಲಾಗಲು ಅವು ಬೇಕು. ಅಂಥ ಬಾಗಿಲು ಕಟ್ಟುವ ಜೀನ್ ನಮ್ಮಲ್ಲಿ ಒಂದಿದ್ದರೆ ಮೀನಿನಲ್ಲಿ ಎಷ್ಟೋ ಸಲ ಎರಡು. ಕೋಟ್ಯಂತರ ವರ್ಷಗಳ ಹಿಂದೆ ಮೀನುಗಳ ಪೂರ್ವಜರಲ್ಲಿ ಜೀನ್‌ಗಳ ಇಡೀ ಗಂಟೇ ಇಮ್ಮಡಿಯಾಗಿತ್ತಂತೆ. ಆ ಎರಡು ಪ್ರತಿಗಳು ಭ್ರೂಣದಲ್ಲಿ ಒಂದೇ ಜಾಗದಲ್ಲಿ ಕೆಲಸ ಮಾಡುತ್ತವೋ, ಜಾಗ ಹಂಚಿಕೊಂಡಿವೆಯೋ ಎಂಬುದು ನಮ್ಮ ಪ್ರಶ್ನೆ. ಒಂದು ಪ್ರತಿ ನನಗೆ, ಇನ್ನೊಂದು ಅವಳಿಗೆ.

ಅದಿರಿನ ಕೆಂಪು ಧೂಳು ಬೀಳದಂತೆ ಮೀನಿನ ತೊಟ್ಟಿಗಳಿಗೆ ಕಪ್ಪು ಬಟ್ಟೆ ಹೊದಿಸುತ್ತಿದ್ದೆವು. ಬೆಳಿಗ್ಗೆ ಏಳಕ್ಕೆ ಬಟ್ಟೆ ತೆಗೆದರೆ ಬೆಳಕು ಕಂಡು ಮೀನು ಮೊಟ್ಟೆಯಿಡುತ್ತವೆ. ಅವಳು ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಒಂಬತ್ತೂವರೆ. ಹಾಗಾಗಿ ಅವಳ ತೊಟ್ಟಿಯ ಬಟ್ಟೆಯನ್ನೂ ನಾನೇ ತೆಗೆಯುತ್ತಿದ್ದೆ. ಮೊಟ್ಟೆಯಿಟ್ಟ ಹನ್ನೆರಡು ತಾಸಿಗೆ ಭ್ರೂಣದ ಬೆನ್ನಿನಲ್ಲಿ ಆರು ಸ್ನಾಯುತುಂಡು ಮೂಡಿರುತ್ತವೆ, ಆಗ ಬೆಳವಣಿಗೆಯನ್ನು ಅಲ್ಲಿಗೇ ನಿಲ್ಲಿಸುವ ದ್ರಾವಣಕ್ಕೆ ಹಾಕಬೇಕು ಎಂದು ಗೋಡೆಯ ಚಾರ್ಟಿನಲ್ಲಿತ್ತು. ನಾನು ಸಂಜೆ ಏಳರವರೆಗೆ ಕಾಯುತ್ತಿದ್ದೆ. ಅವಳು ಐದರ ಬಸ್ಸಿಗೆ ಮೊದಲೇ ಮೈಕ್ರೋಸ್ಕೋಪಿನಲ್ಲಿ ಇಣುಕಿ, ದ್ರಾವಣ ಹಾಕಿ ಸೀಸೆ ಮುಚ್ಚಿ, ಚೀಲ ಹೆಗಲಿಗೇರಿಸಿರುತ್ತಿದ್ದಳು.

"ಇನ್ನೂ ಎರಡು ತಾಸು ಐತಿ" ಎಂದೆ ಒಮ್ಮೆ.

"ತಾಸು ಎಣಸ್ಕೋಂತ ಕುಂದರಬ್ಯಾಡ ಲೇ, ಮೀನು ನೋಡು. ಅದರ ಕೈಗೇನು ವಾಚು ಕಟ್ಟೀವೇನು?"

ಅವಳ ಕೆಲಸ ಕೆಡಲಿ ಎಂದು ನಾನು ಮೇಡಂಗೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಅದನ್ನೇ ಬಯಸಿದ್ದೆ.

ಸೀಸೆಗಳನ್ನು ಬಣ್ಣ ಹಚ್ಚಲು ಬೆಂಗಳೂರಿಗೆ ಕಳಿಸಿದೆವು. ಜೀನ್ ಕೆಲಸ ಮಾಡುವ ಕಡೆ ನೇರಳೆ ಬಣ್ಣ ಕಾಣುತ್ತದೆ. ಏಪ್ರಿಲ್ ಹನ್ನೆರಡಕ್ಕೆ ಚಿತ್ರಗಳು ಬಂದವು. ನನ್ನದರಲ್ಲಿ ಸ್ನಾಯುತುಂಡುಗಳೆಲ್ಲ ನೇರಳೆ. ಅವಳದರಲ್ಲಿ ತಲೆಯ ಕಡೆ ಒಂದು ಚುಕ್ಕೆ ಮಾತ್ರ. ಎರಡು ಪ್ರತಿಗಳು ಜಾಗ ಹಂಚಿಕೊಂಡಿವೆ ಎಂದು ಅವಳು ಕುಣಿದಳು.

"ಅಕಿ ಸೀಸೆ ಮ್ಯಾಲೆ ತಾಸು ಬರದಿಲ್ರಿ ಮೇಡಂ. ದಿನಾ ಜಲ್ದಿ ಮುಚ್ಚಿ ಬಸ್ ಹಿಡೀತಾಳ" ಎಂದೆ.

ಮೇಡಂ ಕಳಿಸದೆ ಉಳಿದಿದ್ದ ಸೀಸೆಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಎಣಿಸಿದರು. ಅವಳ ಭ್ರೂಣದಲ್ಲಿ ಆರು ತುಂಡು. ನನ್ನದರಲ್ಲಿ ಹನ್ನೆರಡು. ಅವರು ನನ್ನ ನೋಟ್‌ಬುಕ್ ತೆರೆದರು. ತಾರೀಖು, ತಾಸು, ನೀರಿನ ಉಷ್ಣತೆ: ಮೂವತ್ಮೂರು, ಮೂವತ್ಮೂರು, ಮೂವತ್ತನಾಲ್ಕು.

"ಚಾರ್ಟಿನ ತಾಸು ಇಪ್ಪತ್ತೆಂಟೂವರೆ ಡಿಗ್ರಿಗೆ. ನಮ್ಮ ಸೆಖೀಗೆ ಮೊಟ್ಟೆ ಓಡತಾವ. ದಿನಾ ಬರದೀಯಲ್ಲ ತಾಯಿ, ಒಂದಿನಾನೂ ಓದಲಿಲ್ಲೇನು? ಅಕೀದು ಕೂಸು, ನಿಂದು ಅದರ ಅಕ್ಕ. ಹೆಂಗ ಹೋಲಸೂದು?"

ತರಬೇತಿಗೆ ಅವಳ ಹೆಸರು ಹೋಯಿತು. ಅದರ ಮೇಲೆ ಮೇಡಂ ಇನ್ನೊಂದು ಮಾತು ಹೇಳಿದರು: "ನಿನ್ನ ನೋಟ್‌ಬುಕ್ ಅಕಿಗೆ ಕೊಡು. ಉಷ್ಣತೆ ಲೆಕ್ಕ ಅದರಾಗಷ್ಟ ಐತಿ."

ಕೊನೆಯ ಪುಟದಲ್ಲಿ ನಾನು ಬೇರೊಂದು ಪಟ್ಟಿ ಇಟ್ಟಿದ್ದೆ. ಪುಟಗಳಿಗೆ ನಂಬರಿತ್ತು, ಮೇಡಂ ಸಹಿಯಿತ್ತು, ಹರಿಯುವಂತಿರಲಿಲ್ಲ. ಅವಳು ನಿಂತಲ್ಲೇ ಹಿಂದಿನಿಂದ ತೆರೆದು ಓದಿದಳು. "ತಡವಾಗಿ ಬಂದದ್ದು: ಇಪ್ಪತ್ತಾರು. ಬೇಗ ಹೋದದ್ದು: ಮೂವತ್ತೊಂದು. ಮೇಡಂ ಹೊಗಳಿದ್ದು: ಒಂಬತ್ತು."

"ತಪ್ಪೈತಿ ಲೇ" ಎಂದಳು. "ನೀ ಜ್ವರ ಬಂದು ಮಲಗಿದ್ದೆಲ್ಲ, ಅವತ್ತೂ ತಡ ಆಗಿತ್ತು. ಲಾರಿ ಪಲ್ಟಿ ಹೊಡದು ರಸ್ತೆ ಬಂದ್. ಇಪ್ಪತ್ತೇಳು ಮಾಡು." ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪೆನ್ನು ತೆಗೆದು ಇಪ್ಪತ್ತೇಳು ಮಾಡಿದೆ. ನನಗೆ ಹಾಗೆ ನಗಲು ಬರುವುದಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.