ಗುಡ್ಡ ತೋರಿಸುತ್ತಿದ್ದ ಶರಣಮ್ಮತ್ತೆ

ದಿನವಿಡೀ ಬಿಸಿಲಿಗೆ ಕಾದ ಬಂಡೆಯ ಮೇಲೆ ಒಂದು ತಂಬಿಗೆ ನೀರು ಚೆಲ್ಲಿದರೆ ಏಳುವ ವಾಸನೆ, ನೀವು ರಾಯಚೂರಿನ ಕಡೆಯವರಾಗಿದ್ದರೆ, ನಿಮಗೂ ಗೊತ್ತಿರುತ್ತದೆ. ಮೊನ್ನೆ ಸಂಜೆ ಮಾಳಿಗೆಗೆ ನೀರು ಹೊಡೆಯುವಾಗ ಅದೇ ವಾಸನೆ ಮೂಗಿಗೆ ಬಡಿದು, ಪೈಪು ಹಿಡಿದುಕೊಂಡೇ ನಿಂತುಬಿಟ್ಟೆ. ಕೋಟೆ ಗುಡ್ಡದ ಬುಡದಲ್ಲಿದ್ದ ಅಜ್ಜಿಯ ಮನೆ, ಅದರ ತಗ್ಗು ಬಾಗಿಲು, ಹೊತ್ತು ಇಳಿಯುತ್ತಲೇ ತಂಬಿಗೆ ಹಿಡಿದು ಗುಡ್ಡಕ್ಕೆ ಹೊರಡುತ್ತಿದ್ದ ಶರಣಮ್ಮತ್ತೆ, ಎಲ್ಲ ಒಮ್ಮೆಲೇ ನೆನಪಾದವು. ಆ ಮನೆ ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ.

ಶರಣಮ್ಮತ್ತೆ ನಮ್ಮಪ್ಪನ ತಂಗಿ. ಸುತ್ತಲ ಹಳ್ಳಿಗಳಿಂದ, ಚಂದ್ರಬಂಡದಿಂದ, ಗೂಗಲ್‌ನಿಂದ ನೆಂಟರು ಬಂದರೆ ಸಿನಿಮಾ ತೋರಿಸುವ, ಹೋಟೆಲಿಗೆ ಕರೆದೊಯ್ಯುವ ತಾಕತ್ತು ನಮಗಿರಲಿಲ್ಲ; ಗುಡ್ಡವಿತ್ತು. ಬಂದವರಿಗೆಲ್ಲ ಗುಡ್ಡ ತೋರಿಸಿಯೇ ಕಳಿಸುವುದು ಮನೆಯ ರಿವಾಜು, ತೋರಿಸುವವಳು ಅತ್ತೆ. ಮೊದಲು ಕೋಟೆಗೋಡೆಯ ಆ ಉದ್ದನೆಯ ಕಲ್ಲು, ಅದನ್ನು ಬಂಡಿಗೆ ಹೇರಿ ಕೋಣಗಳು ಎಳೆದು ತಂದದ್ದನ್ನು ಗೋಡೆಯಲ್ಲೇ ಕೆತ್ತಿದ ಚಿತ್ರ. ಆಮೇಲೆ ಮೆಟ್ಟಿಲು ಬಿಟ್ಟು ಬಂಡೆಗಳ ನಡುವಿನ ತನ್ನದೇ ದಾರಿ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಆಕೆ ಆಡಿನ ಮರಿಯಂತೆ ಮುಂದೆ ಮುಂದೆ ಏರುತ್ತಿದ್ದರೆ, ನಾವೆಲ್ಲ ಏದುಸಿರು ಬಿಡುತ್ತ ಹಿಂದೆ. ಮೇಲೆ ಹಳೆಯ ಫಿರಂಗಿ ತೋಪಿನ ಹತ್ತಿರ ಬಂಡೆ ಇನ್ನೂ ಸುಡುತ್ತಿರುತ್ತಿತ್ತು. ನೀರು ಚಿಮುಕಿಸಿ, ತಂಪಾದ ಮೇಲೆ ನೆಂಟರನ್ನು ಕೂರಿಸಿ, ಮಂಡಾಳ ಒಗ್ಗರಣೆಯ ಡಬ್ಬಿ ಬಿಚ್ಚಿಟ್ಟು, ಮಾವಿನಕೆರೆ, ರೈಲು, ಒಂದೊಂದಾಗಿ ಹೊತ್ತಿಕೊಳ್ಳುವ ಊರ ದೀಪ, ಎಲ್ಲವನ್ನೂ ತಾನೇ ಮಾಡಿಸಿಟ್ಟವಳ ಹಾಗೆ ತೋರಿಸುತ್ತಿದ್ದಳು. ಕೆಳಗೆ ಮನೆಯಲ್ಲಿ ಮೆತ್ತಗಿನ ಹೆಂಗಸು. ಗುಡ್ಡದ ಮೇಲೆ ಮಾತ್ರ ಸ್ವಲ್ಪ ಸೊಕ್ಕು ಬರುತ್ತಿತ್ತು. ಆ ಸೊಕ್ಕಿನ ಅತ್ತೆಯೆಂದರೆ ನನಗೆ ಜೀವ.

ದೇವದುರ್ಗದ ಒಂದು ಮನೆಯವರು ಆಕೆಯನ್ನು ನೋಡಲು ಬಂದರು. ಹುಡುಗ ಶಾಲೆಯಲ್ಲಿ ಮಾಸ್ತರ. ಅಡುಗೆಮನೆಯ ಕದದ ಸಂದಿಯಿಂದ ಆತನನ್ನು ನೋಡಿದ ಅತ್ತೆ ನನ್ನ ಕೈ ಚಿವುಟಿದಳು. ಮನಸ್ಸಿಗೆ ಬಂದಿದ್ದಾನೆಂದು ನನಗೆ ತಿಳಿಯಿತು. ಚಹಾ ಮುಗಿಯಿತು. ಬಂದವರಿಗೆ ಗುಡ್ಡ ತೋರಿಸಬೇಕಲ್ಲ. ಇವರು ನೋಡಲು ಬಂದದ್ದು ಹುಡುಗಿಯನ್ನು ಎಂಬುದು ಆ ಗಡಿಬಿಡಿಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಅಜ್ಜಿ ರೂಢಿಯಂತೆ ಅತ್ತೆಯ ಕೈಗೇ ತಂಬಿಗೆ ಕೊಟ್ಟಳು. ಬಂಡೆ ಕಂಡದ್ದೇ ತಡ, ಅತ್ತೆ ನೆರಿಗೆ ಸಿಕ್ಕಿಸಿ ಏರಿಯೇಬಿಟ್ಟಳು. ಅರ್ಧ ದಾರಿಯಲ್ಲಿ ಹುಡುಗ ಕಾಲು ಜಾರುವ ಭಯಕ್ಕೆ ಕುಳಿತುಬಿಟ್ಟ. ಆಕೆ ಮೇಲಿನಿಂದ ಕೈ ಚಾಚಿ, “ಬರ್ರಿ, ಅಂಜಬ್ಯಾಡ್ರಿ, ನಾ ಹಿಡೀತೀನಿ” ಎಂದಳು. ಆತ ನಗುತ್ತ ಕೈ ಹಿಡಿದುಕೊಂಡ. ಕೆಳಗೆ ಮೆಟ್ಟಿಲ ಬಳಿ ನಿಂತು ನೋಡುತ್ತಿದ್ದ ಆತನ ತಾಯಿ ನಗಲಿಲ್ಲ.

ವಾರದೊಳಗೆ ಮಾತು ಬಂತು. ಗಂಡಸರಿಗಿಂತ ಮುಂದೆ ಹೋಗುವ ಹುಡುಗಿ ತಮಗೆ ಬೇಡವಂತೆ. ಅಜ್ಜಿ ಬೈಯಲಿಲ್ಲ. ಅತ್ತೆಯ ತಲೆ ಬಾಚುತ್ತ, “ಇನ್ಮ್ಯಾಲ ಹಿಂದ ನಡಿಯವ್ವಾ ಶರಣಿ. ನಿನ್ನ ಕಾಲಿಗಿ ಬುದ್ಧಿ ಹೇಳು” ಎಂದಳು. ಬೈದಿದ್ದರೆ ಅತ್ತೆ ಜಗಳವಾದರೂ ಆಡುತ್ತಿದ್ದಳು. ಅಂದಿನಿಂದ ನೆಂಟರನ್ನು ಚಿಕ್ಕಪ್ಪ ಮೆಟ್ಟಿಲ ದಾರಿಯಲ್ಲೇ ಕರೆದೊಯ್ದು, ಅವಸರದಲ್ಲಿ ತೋರಿಸಿ ಮುಗಿಸುತ್ತಿದ್ದ. ಅತ್ತೆ ಪೋತ್ನಾಳಕ್ಕೆ ಸೊಸೆಯಾಗಿ ಹೋದಳು. ಗಂಡ ಒಳ್ಳೆಯವನೇ, ಉಣ್ಣಲು ಉಡಲು ಕೊರತೆಯಿಲ್ಲ. ಆದರೆ ಅವಳ ಮನೆಯ ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ, ಏರಲು ಒಂದು ದಿಬ್ಬವೂ ಇಲ್ಲ. ರಜೆಗೆ ಅಲ್ಲಿಗೆ ಹೋದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಹೋದ ವರ್ಷ ಕಣ್ಣು ತೋರಿಸಲು ಅತ್ತೆ ರಾಯಚೂರಿಗೆ ಬಂದಿದ್ದಳು. ಗುಡ್ಡಕ್ಕೆ ಹೋಗೋಣವೆಂದು ನಾನೇ ಹಟ ಹಿಡಿದೆ. ಆಕೆಗೂ ಆಸೆಯಾದದ್ದು ಮುಖದಲ್ಲೇ ಕಂಡಿತು. ಗದ್ದೆಯಲ್ಲಿ ದುಡಿದ ಕಾಲು, ಇನ್ನೂ ಗಟ್ಟಿಯಾಗಿತ್ತು. ಮೆಟ್ಟಿಲು ಬೇಡ, ನಿನ್ನ ದಾರಿಯಲ್ಲೇ ಹೋಗೋಣ ಎಂದಾಗ ನಕ್ಕಳು. ಬಂಡೆಗಳ ಬಳಿ ಬಂದು ಮಾತ್ರ ನಿಂತುಬಿಟ್ಟಳು. ಆಕೆ ಏರಲೆಂದು ನಾನು ಕಾದೆ. ಅತ್ತೆ ಸೆರಗು ಹೊದ್ದು ಪಕ್ಕಕ್ಕೆ ಸರಿದು, ನನಗೆ ಜಾಗ ಬಿಟ್ಟಳು.

“ನೀ ಮುಂದ ನಡಿಯವ್ವಾ, ನಾ ಹಿಂದ ಬರತೀನಿ.”

ನನಗೆ ದಾರಿ ಗೊತ್ತಿಲ್ಲ ಎಂದೆ. ಆದರೂ ಆಕೆ ಮುಂದೆ ಬರಲಿಲ್ಲ. ಇಬ್ಬರೂ ಗುಡ್ಡ ಏರದೆಯೇ, ಕತ್ತಲಾಗುವುದರೊಳಗೆ ಮನೆಗೆ ಬಂದೆವು.