ತೊಲೆಯ ಇನ್ನೊಂದು ತುದಿ

ಇಟ್ಟಿಗಿ ಊರಿನಲ್ಲಿ ಅಕ್ಕನ ಮನೆಯ ಹಳೆಯ ಕುರಿಹಟ್ಟಿಗೆ ಕಟ್ಟಿಗೆಯ ಕಂಬ, ಮೇಲೆ ತಗಡು. ಒಂದು ಬೇಸಿಗೆಯ ಬಿರುಗಾಳಿಗೆ ತಗಡು ಕಿತ್ತು ಹಾರಿ, ಕುರಿ ಕೂಡಿಸುತ್ತಿದ್ದ ಭಾವನ ಭುಜ ಸೀಳಿತು. ಗಾಯ ಮಾಯಿತು, ಆ ಕೈ ಮಾತ್ರ ಇಂದಿಗೂ ಪೂರ್ತಿ ಮೇಲೇಳುವುದಿಲ್ಲ.

ಹಾಗಾಗಿ ಹೊಸ ಹಟ್ಟಿ ಕಟ್ಟಿಸುವಾಗ ಅಕ್ಕ ಎದುರಿಗೇ ನಿಂತು, ಗೋಡೆಯಿಂದ ಗೋಡೆಗೆ ಹಾಕಿದ ಕಬ್ಬಿಣದ ತೊಲೆಗಳ ಎರಡೂ ತುದಿಯನ್ನು ಗೋಡೆಯಲ್ಲಿ ಹೂತ ಕಬ್ಬಿಣದ ಪಟ್ಟಿಗೆ ವೆಲ್ಡಿಂಗ್ ಮಾಡಿಸಿದಳು. ಮುಂದಿನ ಬೇಸಿಗೆಗೆ ತೊಲೆ ಕೂತ ಕಡೆಯಲ್ಲೆಲ್ಲ ಗೋಡೆ ಬಿರುಕು ಬಿಟ್ಟಿತು. ಪಾಯವೇ ಸರಿಯಿಲ್ಲವೆಂದು ಅವಳು ಹಟ್ಟಿ ಕಟ್ಟಿದ ಮೇಸ್ತ್ರಿಯನ್ನು ಬೈದಳು. ಅವರು ಆ ಓಣಿಗೆ ಬರುವುದನ್ನೇ ಬಿಟ್ಟರು.

ನಾನು ಡಿಪ್ಲೊಮಾ ಮಕ್ಕಳಿಗೆ ಕಟ್ಟಡದ ಪಾಠ ಹೇಳುವವಳು. ಅಕ್ಕ ನನ್ನನ್ನು ಕರೆಸಿದಳು. ಪಾಯ ನೋಡಿದೆ, ಗಟ್ಟಿಯಿತ್ತು.

"ಅಕ್ಕಾ, ಬಿಸಿಲಿಗೆ ಕಬ್ಬಿಣ ಹಿಗ್ಗತೈತಿ. ಎರಡೂ ಕಡಿ ಬಿಗಿದ್ರ ಅದು ಎತ್ತ ಸರೀಬೇಕು? ಗೋಡಿ ನೂಕೈತಿ. ಒಂದು ಕಡಿ ಬಿಚ್ಚಿಸು."

"ಬಿಚ್ಚಬೇಕಾ? ಗಾಳಿ ಬಂದ್ರ? ನಿಮ್ಮ ಭಾವನ ಭುಜ ನೋಡೀಯಲ್ಲ ತಂಗಿ!"

ತೊಲೆ ಕೂರುವ ಆಸರೆಗಳಲ್ಲಿ ಮೂರು ಬಗೆಯೆಂದು ತರಗತಿಯಲ್ಲಿ ಚಿತ್ರ ಬರೆಯುತ್ತೇನೆ: ಜಾರಲೂ ತಿರುಗಲೂ ಬಿಡದ್ದು, ತಿರುಗಲಷ್ಟೇ ಬಿಡುವುದು, ಎರಡಕ್ಕೂ ಬಿಡುವುದು. ಅಕ್ಕನಿಗೆ ಅದು ಬೇಕಿರಲಿಲ್ಲ. ಗಾಳಿಗೆ ತೊಲೆ ಮೇಲೇಳಬಾರದು, ಅಷ್ಟೇ. ಒಂದು ಕಡೆ ತೊಲೆಯ ಬುಡದ ಪಟ್ಟಿಗೆ ದುಂಡು ತೂತಿನ ಬದಲು ಉದ್ದನೆಯ ತೂತು ಕೊರೆದು ಬೋಲ್ಟ್ ಹಾಕಿದರೆ, ತೊಲೆ ಉದ್ದಕ್ಕೆ ಸರಿದೀತು, ಮೇಲೇಳಲಾರದು ಎಂದೆ. ಅವಳು ಹೋಗಿ ಗೋಡೆಯ ಬಿರುಕಿಗೆ ಬೆರಳಿಟ್ಟು ನೋಡಿದಳು. ಸಂಜೆ ತಾನೇ ಮೇಸ್ತ್ರಿಯ ಮನೆಗೆ ಹೋದಳು.

"ತಪ್ಪು ತಿಳಕಂಡಿದ್ದೆ. ಮನಸ್ನಾಗ ಇಟಗಾಬ್ಯಾಡ್ರಿ, ಬರ್ರಿ."

ಮರುದಿನ ಅವರು ಬಂದರು. ಒಂದು ಬದಿಯ ವೆಲ್ಡಿಂಗ್ ಕತ್ತರಿಸಿ, ಉದ್ದನೆಯ ತೂತು ಕೊರೆದು, ಜಾರಲೆಂದು ಗ್ರೀಸ್ ಸವರಿ, ಬೋಲ್ಟ್ ಕೂರಿಸಿ, ಬಿರುಕಿಗೆ ಸಿಮೆಂಟ್ ತುಂಬಿದರು.

ರೋಹಿಣಿ ಮಳೆಗೆ ಮುಂಚೆ ನಾನು ಮತ್ತೆ ಹೋದಾಗ ಮಧ್ಯಾಹ್ನವೇ ಕೆಂಧೂಳೆದ್ದಿತು. ತಗಡು ಹಾರೀತೆಂದು ಅಕ್ಕ ಕುರಿಗಳನ್ನೆಲ್ಲ ಹಟ್ಟಿಯಿಂದ ಬಯಲಿಗೆ ಹೊಡೆದಳು. ತಗಡು ಗಡಗಡ ಸದ್ದು ಮಾಡಿತು. ಅವಳು ನನ್ನ ರಟ್ಟೆ ಹಿಡಿದದ್ದು ನೋಯುತ್ತಿತ್ತು, ಬಿಡು ಎನ್ನಲಿಲ್ಲ. ಗಾಳಿ ಹಟ್ಟಿಯನ್ನು ದಾಟಿ ಹೋಯಿತು. ಏನೂ ಹಾರಲಿಲ್ಲ.

ಧೂಳು ಕೂತ ಮೇಲೆ ಅಕ್ಕ ಏಣಿ ಹತ್ತಿ ಒಂದೊಂದೇ ಬೋಲ್ಟ್ ಮುಟ್ಟಿ ನೋಡಿದಳು. ತುಂಬಿದ ಬಿರುಕು ಬಾಯಿ ಬಿಟ್ಟಿರಲಿಲ್ಲ.

"ಎಲ್ಲಾ ಅಲ್ಲಲ್ಲೇ ಅದಾವು," ಎಂದು ಇಳಿದು, ಗ್ರೀಸಾದ ಬೆರಳನ್ನು ಗೋಡೆಗೆ ಒರೆಸಿ, ಕುರಿ ತರಲು ಹೋದಳು.