ನೀವೇ ದತ್ತು ತಗೊಳ್ರಿ ಎಂದವಳಿಗೆ

ಸವಿತಾ, ನೀನು ನನಗೆ ಹೇಳಿದ್ದೆ. ಸ್ಪಷ್ಟವಾಗಿ ಹೇಳಿದ್ದೆ, ನಾನು ಸ್ಪಷ್ಟವಾಗಿಯೇ ಕೇಳಿಸಿಕೊಂಡಿದ್ದೆ. ಆಮೇಲೆ ನಿನ್ನ ಅಪ್ಪನ ಎದುರು, ಹೆಡ್‌ಮಾಸ್ಟರ್ ಎದುರು, ಆ ಮನುಷ್ಯನ ಎದುರು ನಿಂತು — ಇವಳು ನನ್ನ ಹತ್ತಿರ ಏನೂ ಹೇಳಿಲ್ಲ ಎಂದೆ. ಸುಳ್ಳು ಹೇಳಿದೆ. ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಹಿಡಿಯಿತು ಎಂದರೆ ನನ್ನ ಯೋಗ್ಯತೆ ಏನೆಂದು ನೀನೇ ಲೆಕ್ಕ ಹಾಕು.

ಈಗ ಯಾಕೆ ಎಂದು ಕೇಳುತ್ತೀಯ. ಮೊನ್ನೆ ಶಾಲೆ ತೆರೆಯುವ ಮುಂಚೆ ಸಿಬ್ಬಂದಿ ಸಭೆ ನಡೆಯಿತು. ಪ್ರತಿ ವರ್ಷ ಮಕ್ಕಳು ಬರುವ ಮೊದಲು ನಾವೆಲ್ಲ ಕೂತು, ಈ ಸಾರಿ ಪಾಠ ಹೇಗೆ, ಶಿಸ್ತು ಹೇಗೆ, ಮಕ್ಕಳ ರಕ್ಷಣೆ ಹೇಗೆ ಎಂದು ಒಂದಿಷ್ಟು ಕೇಳಿಸಿಕೊಂಡು, ಉಪ್ಪಿಟ್ಟು ತಿಂದು ಏಳುವ ಸಭೆ. ಈಗಿನ ಹೆಡ್‌ಮಾಸ್ಟರ್ ಹೊಸಬರು. ವಿಜ್ಞಾನದ ಮೇಡಂ ಎಲ್ಲರಿಗಿಂತ ಹಿರಿಯರು ಎಂದು ಮಕ್ಕಳ ರಕ್ಷಣೆಯ ಭಾಗವನ್ನು ನನಗೇ ಒಪ್ಪಿಸಿದರು. ನನಗೆ! ಎದ್ದು ನಿಂತು ಹೇಳಿದೆ — ಮಗು ಬಂದು ಏನಾದರೂ ಹೇಳಿದರೆ ಮೊದಲು ನಂಬಿ, ಬಾಯಿ ಮುಚ್ಚಿಸಬೇಡಿ, ಸಂಬಂಧಪಟ್ಟವರಿಗೆ ಅವತ್ತೇ ತಿಳಿಸಿ. ಎಲ್ಲರೂ ತಲೆಯಾಡಿಸಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಯಿತು.

ಇಂಥದೇ ಒಂದು ಸಭೆಯಲ್ಲಿ ನಿನ್ನನ್ನು ಹಂಚಿದ್ದೆವು. ಹೌದು, ಹಂಚಿದ್ದೆವು. ಹತ್ತನೇ ಕ್ಲಾಸಿನ ಫಲಿತಾಂಶ ಏರಬೇಕು, ಅದಕ್ಕೆ ಓದಿನಲ್ಲಿ ಹಿಂದಿರುವ ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರಿಗೆ ‘ದತ್ತು’ ಕೊಡಬೇಕು, ದತ್ತು ಪಡೆದವರು ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನು ಓದಲು ಎಬ್ಬಿಸಬೇಕು. ನಾವೇನು ಮೇಷ್ಟ್ರೋ ಅಲಾರಂ ಗಡಿಯಾರವೋ ಎಂದು ಸ್ಟಾಫ್ ರೂಮಿನಲ್ಲಿ ನಗಾಡುತ್ತಿದ್ದೆವು. ಗಣಿತದಲ್ಲಿ ನೀನು ಹಿಂದೆ, ಹಾಗಾಗಿ ಗಣಿತದ ಮೇಷ್ಟ್ರ ಪಾಲಿಗೆ ಹೋದೆ. ಆ ಹಂಚಿಕೆಗೆ ನಾನೂ ಹೂಂ ಎಂದಿದ್ದೆ. ಅಪ್ಪ ಕುರಿರೊಪ್ಪದ ಕಡೆ, ಅವ್ವ ಕೂಲಿಗೆ ಹೋಗಿರುವ ಹೊತ್ತಿನಲ್ಲಿ ಒಂದು ಹುಡುಗಿಗೆ ದಿನಾ ಫೋನ್ ಮಾಡಲು ಒಬ್ಬ ಗಂಡಸಿಗೆ ನಾವೇ ಅಪ್ಪಣೆ ಕೊಟ್ಟೆವು. ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಸಂಕ್ರಾಂತಿ ಆದ ಮೇಲಿನ ಮಾತು. ಪ್ರಯೋಗದ ತರಗತಿ ಮುಗಿದು ಎಲ್ಲರೂ ಹೋದರೂ ನೀನು ಉಳಿದು ಗಾಜಿನ ನಳಿಕೆ ತೊಳೆಯುತ್ತಿದ್ದೆ. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೆ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದೆ.

“ಮಿಸ್, ನನ್ನ ನೀವೇ ದತ್ತು ತಗೊಳ್ರಿ.”

ಯಾಕೆ, ಗಣಿತ ನನಗೇ ಬರಲ್ಲವಲ್ಲೇ ಎಂದು ನಕ್ಕೆ. ನೀನು ನಗಲಿಲ್ಲ.

“ಸಾರ್ ಫೋನ್ ಮಾಡೋದು ಎಬ್ಬಿಸಾಕೆ ಅಲ್ಲ ಮಿಸ್. ಓದಿನ ಮಾತೇ ಇರಲ್ಲ. ಕೇಳಬಾರದ್ದು ಕೇಳ್ತಾರೆ. ಭಾನುವಾರ ಒಬ್ಳೇ ಸ್ಕೂಲಿಗೆ ಬಾ ಅಂತಾರೆ. ನಂಗೆ ಭಯ ಆಗ್ತೈತೆ.”

ನನಗೆ ಅರ್ಥವಾಗಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಅರ್ಥವಾಯಿತು. ಆದರೆ ಆ ಕ್ಷಣದಲ್ಲೇ ನೆನಪಿಗೆ ಬಂದದ್ದು ನೀನಲ್ಲ, ನನ್ನ ಮಗ. ಅವನೂ ಆ ವರ್ಷ ಜಗಳೂರಿನಲ್ಲಿ ಹತ್ತನೇ ಕ್ಲಾಸು. ಗಣಿತದ ಮೇಷ್ಟ್ರು ವಾರಕ್ಕೆರಡು ಸಂಜೆ ನಮ್ಮ ಮನೆಗೆ ಬಂದು ಅವನಿಗೆ ಬಿಟ್ಟಿಯಾಗಿ ಪಾಠ ಹೇಳುತ್ತಿದ್ದರು. ಅವರು ಬಂದ ದಿನ ನಾನು ಮಂಡಕ್ಕಿ ಒಗ್ಗರಣೆ ಹಾಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಕರಿದು ಕೊಡುತ್ತಿದ್ದೆ. ಅವರು — ನೋಡು, ಈಗಲೂ ಬಾಯಿಗೆ ‘ಅವರು’ ಎಂದೇ ಬರುತ್ತದೆ. ಅಭ್ಯಾಸದ ಗುಲಾಮಗಿರಿ.

“ಪರೀಕ್ಷೆ ಹತ್ರ ಬಂತು, ಈಗ ಇದನ್ನೆಲ್ಲ ಎತ್ತಬೇಡ. ಫೋನ್ ಬಂದ್ರೆ ತಗೋಬೇಡ, ಅಷ್ಟೇ,” ಎಂದೆ.

ಅಷ್ಟೇ! ನನ್ನ ಪಾಲಿನ ಒಬ್ಬ ಹುಡುಗನನ್ನು ಆತನಿಗೆ ಕೊಟ್ಟು ನಿನ್ನನ್ನು ನನ್ನ ಕಡೆ ಎಳೆದುಕೊಂಡಿದ್ದರೂ ಅವತ್ತಿಗೆ ನೀನು ಪಾರಾಗಲು ಸಾಕಿತ್ತು. ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಆಡಲಿಲ್ಲ.

ನೀನು ಪಾಪ, ಮಿಸ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಫೋನ್ ತೆಗೆಯುವುದನ್ನು ನಿಲ್ಲಿಸಿದೆ. ಆತ ಹೆಡ್‌ಮಾಸ್ಟರ್ ಹತ್ತಿರ ಹೋಗಿ, ಹುಡುಗಿಗೆ ಓದುವ ಮನಸ್ಸಿಲ್ಲ, ಇವಳಿಂದ ಶಾಲೆಯ ಫಲಿತಾಂಶ ಬೀಳುತ್ತದೆ ಎಂದ. ನಿನ್ನ ಅಪ್ಪನನ್ನು ಕರೆಸಿದರು. ಕುರಿ ಮಾರಲು ಹೊರಟಿದ್ದವನು, ಕಂಬಳಿ ಹೆಗಲ ಮೇಲೆ ಹಾಗೇ ಇತ್ತು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಮಾತುಕತೆಗೆ ಒಬ್ಬ ಹೆಂಗಸು ಇರಲಿ ಎಂದು ನನ್ನನ್ನೂ ಕರೆದರು. ಫೋನ್ ಯಾಕೆ ತಗೋತಿಲ್ಲ ಎಂದು ಹೆಡ್‌ಮಾಸ್ಟರ್ ಗದರಿದಾಗ ನೀನು ಆತನನ್ನು ನೋಡಲಿಲ್ಲ. ನನ್ನನ್ನು ನೋಡಿದೆ.

“ಮಿಸ್‌ಗೆ ಗೊತ್ತೈತೆ ಸಾರ್. ಮಿಸ್‌ಗೆ ಎಲ್ಲ ಹೇಳೀನಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಆತನೂ ತಿರುಗಿದ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮೇಡಂ ಏನು ಹೇಳುತ್ತಾರೆಂದು ಆತನಿಗೆ ನನಗಿಂತ ಮೊದಲೇ ಗೊತ್ತಿತ್ತು.

“ನನ್ನ ಹತ್ರ ಏನೂ ಹೇಳಿಲ್ಲ ಸಾರ್,” ಎಂದೆ.

ನೀನು ಅಳಲಿಲ್ಲ, ವಾದಿಸಲಿಲ್ಲ. ಅಳುವುದಾದರೂ ಯಾರ ಮುಂದೆ? ನಿನ್ನ ಅಪ್ಪ ಕೈ ಮುಗಿದು, “ತಪ್ಪಾತು ಸಾರ್, ಸಣ್ಣ ಹುಡುಗಿ. ನೀವು ಅವಳ ಒಳ್ಳೇದಕ್ಕೇ ಮಾಡೋದು, ನಮಗೆ ತಿಳಿಯಲ್ಲೇನ್ರಿ? ಇನ್ಮ್ಯಾಲೆ ನಾನೇ ಫೋನು ಅವಳ ಕೈಗೆ ಕೊಟ್ಟು ರೊಪ್ಪಕ್ಕೆ ಹೋಗ್ತೀನಿ,” ಎಂದ. ಆಮೇಲೆ ನಿನ್ನ ತಲೆ ಬಗ್ಗಿಸಿ ಆತನ ಕಾಲು ಮುಟ್ಟಿಸಿದ. ನಾನು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದೆ.

ಆ ಮೇಲಿನ ದಿನಗಳಲ್ಲಿ ನಿನಗೆ ಏನೇನಾಯಿತು — ನನಗೆ ಗೊತ್ತಿಲ್ಲ. ಕೇಳಲಿಲ್ಲ, ಕೇಳಿದರೆ ಗೊತ್ತಾಗಿಬಿಡುತ್ತದಲ್ಲ. ನೀನು ಪಾಸಾದೆ. ಶಾಲೆಯಲ್ಲಿ ಒಬ್ಬರೂ ಫೇಲಾಗಲಿಲ್ಲ. ದತ್ತು ಯೋಜನೆ ಫಲ ಕೊಟ್ಟಿತು ಎಂದು ಆತನಿಗೆ ಶಾಲು ಹೊದಿಸಿದರು, ನಾನು ಚಪ್ಪಾಳೆ ತಟ್ಟಿದೆ. ನನ್ನ ಮಗನೂ ಗಣಿತದಲ್ಲಿ ಒಳ್ಳೆಯ ಅಂಕ ತೆಗೆದ. ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದ್ದೆ, ಸವಿತಾ. ಇದನ್ನೂ ನಿನಗೆ ಹೇಳಿಬಿಡಬೇಕು. ನೀನು ಮುಂದೆ ಕಾಲೇಜಿಗೆ ಸೇರಲಿಲ್ಲ ಎಂದು ಯಾರೋ ಹೇಳಿದಾಗ, ಈ ಕಡೆಯ ಹೆಣ್ಣುಮಕ್ಕಳ ಹಣೆಬರಹವೇ ಇಷ್ಟು ಎಂದು ನಿಟ್ಟುಸಿರು ಬಿಟ್ಟವಳೂ ನಾನೇ.

ಹೋದ ದೀಪಾವಳಿಗೆ ಹೊನ್ನಾಳಿಯ ಬಟ್ಟೆ ಅಂಗಡಿಯಲ್ಲಿ ನೀನು ಸಿಕ್ಕಿದೆ. ಸೀರೆ ಬಿಡಿಸಿ ತೋರಿಸುತ್ತಿದ್ದವಳು ತಲೆ ಎತ್ತಿದರೆ ನೀನೇ. ಬೈಯುತ್ತೀಯ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು, ಅದೂ ನನ್ನ ಸ್ವಾರ್ಥವೇ. ನೀನು ಸೀರೆ ಮಡಚುತ್ತಾ ಕೇಳಿದ್ದು ಒಂದೇ.

“ಆ ಸಾರ್ ಈಗ ಎಲ್ಲಿದಾರ್ರಿ ಮಿಸ್?”

ನ್ಯಾಮತಿ ಕಡೆ ಯಾವುದೋ ಹೈಸ್ಕೂಲು ಎಂದೆ.

“ಅಲ್ಲೂ ಹುಡುಗೀರ್ನ ದತ್ತು ಕೊಡ್ತಾರೇನ್ರಿ?”

ಸೀರೆ ಕೊಳ್ಳದೆ ಎದ್ದು ಬಂದೆ. ಉತ್ತರ ಗೊತ್ತಿತ್ತು. ಗೊತ್ತಿದ್ದೂ ಮತ್ತಷ್ಟು ತಿಂಗಳು ಸುಮ್ಮನಿದ್ದೆ, ಮೊನ್ನೆ ಅಷ್ಟು ಜನರ ಎದುರು ನಿಂತು ಮಕ್ಕಳನ್ನು ನಂಬಿ ಎಂದು ಬೋಧಿಸುವವರೆಗೆ.

ನಿನ್ನೆ ರಜೆ ಹಾಕಿ ದಾವಣಗೆರೆಗೆ ಹೋದೆ. ಮಕ್ಕಳ ರಕ್ಷಣೆಯ ಕಚೇರಿಯಲ್ಲಿ ಒಬ್ಬ ಹುಡುಗಿ, ನಿನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು, ಕೂರಿಸಿ ಕೇಳಿದಳು. ಆತನ ಹೆಸರು ಹೇಳಿದೆ, ಈಗಿರುವ ಶಾಲೆ ಹೇಳಿದೆ, ಬೆಳಗಿನ ಜಾವದ ಫೋನು ಹೇಳಿದೆ. ನಿನ್ನ ಹೆಸರು ಹೇಳಲಿಲ್ಲ. ಹೇಳಬೇಕಾಗುತ್ತದೆ ಮೇಡಂ ಎಂದಳು. ಮೊದಲು ಅವಳನ್ನು ಕೇಳುತ್ತೇನೆ ಎಂದೆ. ಅದನ್ನು ಕೇಳುವುದಕ್ಕೇ ಇಷ್ಟನ್ನೂ ಬರೆದೆ. ನೀನು ಬೇಡ ಎಂದರೂ ನಾನು ಹೇಳಿದ ಸುಳ್ಳು ನನ್ನದೇ, ಅದರ ಮಟ್ಟಿಗೆ ನಾನು ಸಾಕ್ಷಿ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಆ ಭಾರವನ್ನೂ ನಿನ್ನ ತಲೆಗೆ ಕಟ್ಟಲಾರೆ.

ವಿಷಯ ಗೊತ್ತಿದ್ದೂ ತಿಳಿಸದವರ ಮೇಲೂ ಕ್ರಮ ಆಗುತ್ತದೆ, ನೀವು ಯೋಚಿಸಿ ಉತ್ತರ ಕೊಡಿ ಎಂದು ಆ ಹುಡುಗಿ ಮೆತ್ತಗೆ ಎಚ್ಚರಿಸಿದಳು. ಆಮೇಲೆ ಕೇಳಿದಳು — “ಇದು ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?”

ಈಚೆಗೆ ಎನ್ನಬಹುದಿತ್ತು. ಯಾರೋ ಹೇಳಿದರು ಎನ್ನಬಹುದಿತ್ತು.

“ಅವಳು ಹೇಳಿದ ದಿನವೇ,” ಎಂದೆ.